ಅಂಗಳದ ತುತ್ತೂರಿ ಹೂಗಳು

(ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಗಳನ್ನೂ ಅವರ ತಾಯಿತಂದೆಗಳನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಹೂಗಿಡಗಳ ವಿಷಯವಾಗಿ ನಾಲ್ಕು ಮಾತುಗಳನ್ನು ಆಡಬೇಕೆಂದು ಸಂಘದವರು ಅಪ್ಪಣೆ ಮಾಡಿದರು. ಮಲ್ಲಿಗೆ, ಗುಲಾಬಿಗಳ ಹೊಗಳಿಕೆಯನ್ನು ನೀವು ಬೇಕಾದಷ್ಟು ಕೇಳಿರುವಿರಿ. ಆದುದರಿಂದ ಅಷ್ಟಾಗಿ ಯಾರೂ ಪ್ರಸ್ತಾಪಿಸದ ಒಂದು ಗುಂಪನ್ನು ಈ ದಿನ ಆರಿಸಿಕೊಂಡಿದ್ದೇನೆ. ತುತ್ತೂರಿಯ ಆಕಾರದ ಹೂಗಳನ್ನು ಬಿಡುವ ಗಿಡ, ಬಳ್ಳಿ, ಮರಗಳ ಗುಂಪು ಅದು.

ಇವನ್ನೇ ಆರಿಸಿದ್ದಕ್ಕೆ ಎರಡು ಕಾರಣಗಳುಂಟು. ಮೇಚೇರಿಯ ಸೀಮೆಯ ನೀರಿನ ಸ್ಥಿತಿ ನಿಮಗೆ ತಿಳಿಯದುದಲ್ಲ. ಮೆಟ್ಟೂರಿನ ಅಣೆಕಟ್ಟು ಪೂರ್ಣಗೊಂಡದ್ದು 1934ರಲ್ಲಿ. ಕಾವೇರಿಯ ಅಷ್ಟು ದೊಡ್ಡ ನೀರಿನ ಹರವು ಇಷ್ಟು ಸಮೀಪದಲ್ಲಿದ್ದರೂ ಆ ನೀರಿನ ಹೆಚ್ಚಿನ ಪಾಲು ಕೆಳಗಣ ತಂಜಾವೂರಿನ ಗದ್ದೆಗಳ ಕಡೆಗೆ ಇಳಿದುಹೋಗತಕ್ಕದ್ದು. ಇಲ್ಲಿಯ ಹೊಲಗಳು ಬಹುಮಟ್ಟಿಗೆ ಮಳೆಯನ್ನೂ ಬಾವಿಯನ್ನೂ ನಂಬಿಕೊಂಡವು. ಒಂದು ಕೊಡ ನೀರನ್ನು ಹೂವಿನ ಗಿಡಕ್ಕೆ ಎರೆಯುವ ಮುನ್ನ ಮನೆಯಾಕೆ ಎರಡು ಬಾರಿ ಯೋಚಿಸಬೇಕಾದ ನೆಲವಿದು. ಇಂತಹ ಕೆಮ್ಮಣ್ಣಿನಲ್ಲಿ, ಇಂತಹ ಬಿಸಿಲಿನಲ್ಲಿ, ಸ್ವಲ್ಪ ನೀರಿಗೇ ತೃಪ್ತಿಪಟ್ಟು ವರುಷದಲ್ಲಿ ಎಂಟು ತಿಂಗಳು ಹೂ ಕೊಡುವ ಗಿಡಗಳು ಈ ಗುಂಪಿನಲ್ಲಿವೆ. ಇದು ಮೊದಲನೆಯ ಕಾರಣ. ಎರಡನೆಯದು ಇಷ್ಟು ಹಿತವಾದುದಲ್ಲ. ಮಗು ಕೈಗೆತ್ತಿಕೊಂಡು ಊದುವಂತೆ ಆಡಬಹುದಾದ ನಿರಪಾಯದ ಹೂವೂ, ಬಾಯಿಗೆ ಹೋದರೆ ಪ್ರಾಣಕ್ಕೆ ಕುತ್ತು ತರುವ ಹೂವೂ ಇಲ್ಲಿ ಒಂದೇ ಆಕಾರವನ್ನು ಹೊತ್ತು, ಎಷ್ಟೋ ವೇಳೆ ಒಂದೇ ಬೇಲಿಯಲ್ಲಿ ಅಕ್ಕಪಕ್ಕದಲ್ಲಿ ನಿಂತಿರುವುವು. ಇವುಗಳ ವ್ಯತ್ಯಾಸವನ್ನು ತಿಳಿಯದೆ ತೋಟ ಮಾಡಬಾರದೆಂಬುದೇ ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ.

ಮೊದಲು ಹೂವನ್ನು ನೋಡೋಣ. ಗುಲಾಬಿಯ ಎಸಳುಗಳನ್ನು ಒಂದೊಂದಾಗಿ ಕಿತ್ತು ಎಣಿಸಬಹುದು. ತುತ್ತೂರಿ ಹೂವಿನಲ್ಲಿ ಅದು ಸಾಧ್ಯವಿಲ್ಲ. ಐದು ಎಸಳುಗಳು ಬುಡದಿಂದಲೇ ಬೆಸೆದುಕೊಂಡು ಒಂದು ಕೊಳವೆಯಾಗಿ, ತುದಿಯಲ್ಲಿ ಮಾತ್ರ ಬಾಯಿ ಅಗಲಿಸಿರುವುವು. ಕೊಳವೆಯ ತಳದಲ್ಲಿ ಮಕರಂದ. ಅದರ ದಾರಿಯಲ್ಲಿ ಕಾವಲುಗಾರರಂತೆ ಕೇಸರಗಳು. ಮಕರಂದವನ್ನು ಬಯಸಿ ಬಂದ ಅತಿಥಿ ಕೇಸರಗಳಿಗೆ ಮೈಯುಜ್ಜದೆ ಒಳಗೆ ಹೋಗಲಾರದು. ಮೈಗೆ ಹತ್ತಿದ ಪರಾಗವನ್ನು ಮುಂದಿನ ಹೂವಿಗೆ ಒಯ್ಯದೆ ಇರಲಾರದು. ಅತಿಥಿ ಯಾರೆಂಬುದನ್ನು ಬಣ್ಣದಿಂದಲೇ ಊಹಿಸಬಹುದು. ಸಂಜೆಗೆ ಅರಳಿ ಕಂಪು ಬೀರುವ ಬಿಳಿಯ ಹೂವು ರಾತ್ರಿಯಲ್ಲಿ ಹಾರುವ ಪತಂಗವನ್ನು ಕರೆಯುವುದು. ಇಂತಹ ಪತಂಗಗಳ ಕೆಲವು ಜಾತಿಗಳಲ್ಲಿ ನಾಲಿಗೆ ಮೈಗಿಂತಲೂ ಉದ್ದ. ಬಿಡುವಿನಲ್ಲಿ ಅದನ್ನು ಗಡಿಯಾರದ ಸುರುಳಿಯಂತೆ ಸುತ್ತಿಟ್ಟುಕೊಂಡಿರುತ್ತವೆ. ಹಗಲು ಅರಳುವ ಹಳದಿಯ ಹೂವು ಜೇನಿಗೆ, ದುಂಬಿಗೆ. ಕೆಂಪು, ಕಿತ್ತಳೆ ಬಣ್ಣದ್ದು ಹಕ್ಕಿಗೆ. ಈ ಹೂಗಳಲ್ಲಿ ಅನೇಕವು ಅಮೆರಿಕ ಖಂಡದಿಂದ ಬಂದವು. ಅಲ್ಲಿ ಅವನ್ನು ಸಂದರ್ಶಿಸುವುದು ಹಮ್ಮಿಂಗ್ ಬರ್ಡ್ ಎಂಬ ಪುಟ್ಟ ಹಕ್ಕಿ. ಇಲ್ಲಿಗೆ ಬಂದಮೇಲೆ ನಮ್ಮ ಸೂರಕ್ಕಿ ಆ ಕೆಲಸವನ್ನು ವಹಿಸಿಕೊಂಡಿದೆ.

ವಿದ್ಯಾರ್ಥಿಗಳು ಪರೀಕ್ಷಿಸಿ ನೋಡಬಹುದಾದ ಒಂದು ತಮಾಷೆಯುಂಟು. ಉದುರಿದ ಹಳದಿ ತುತ್ತೂರಿ ಹೂವುಗಳನ್ನು ಹತ್ತಿಪ್ಪತ್ತು ಆರಿಸಿ, ಕೊಳವೆಯ ಬುಡವನ್ನು ಗಮನಿಸಿರಿ. ಕೆಲವದರಲ್ಲಿ ಬ್ಲೇಡಿನಿಂದ ಗೀರಿದಂತೆ ಸಣ್ಣ ಸೀಳು ಕಾಣುವುದು. ಮರ ಕೊರೆಯುವ ಕರಿ ದುಂಬಿಯ ಕೆಲಸವದು. ಅದರ ದಪ್ಪ ಮೈಗೆ ಬಾಗಿಲು ಸಾಲದು. ಗೋಡೆಗೆ ಕನ್ನ ಹಾಕಿ ಮಕರಂದವನ್ನು ಹೀರಿ, ಪರಾಗದ ಸುಂಕವನ್ನು ಕೊಡದೆ ಹೊರಟುಹೋಗುವುದು. ಎಷ್ಟು ಹೂವಿಗೆ ಎಷ್ಟು ಕನ್ನ ಎಂದು ಲೆಕ್ಕ ಬರೆದಿಟ್ಟರೆ ಅದೇ ಒಂದು ಒಳ್ಳೆಯ ಪಾಠ.

ಇನ್ನು ಹೆಸರಿನ ವಿಚಾರ. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ನಮಗೆ ಗಿಡಗಳಿಗೆಲ್ಲ ಎರಡೆರಡು ಹೆಸರು. ನಾವು ಪಾದರಿ ಎನ್ನುವುದನ್ನು ನೆರೆಯವರು ಪಾದಿರಿ ಎನ್ನುತ್ತಾರೆ. ನಮ್ಮ ಉಮ್ಮತ್ತಿ ಅವರಿಗೆ ಊಮತ್ತೈ. ನಮ್ಮ ಆಕಾಶಮಲ್ಲಿಗೆ ಅವರಿಗೆ ಮರಮಲ್ಲಿ. ಇವುಗಳಿಂದ ತೊಂದರೆಯೇನೂ ಇಲ್ಲ, ಕಿವಿಗೆ ಸೊಗಸೇ. ಒಂದು ಹೆಸರು ಮಾತ್ರ ಅಪಾಯದ್ದು. ಅರಳಿ ಎಂದರೆ ಕನ್ನಡಿಗನಿಗೆ ಕಟ್ಟೆಯ ಮೇಲಿನ ಅಶ್ವತ್ಥವೃಕ್ಷ, ಪ್ರದಕ್ಷಿಣೆ ಮಾಡತಕ್ಕ ಮರ. ತಮಿಳಿನಲ್ಲಿ ಆ ಮರಕ್ಕೆ ಅರಸು ಎಂದು ಹೆಸರು. ಅರಳಿ ಎಂದರೆ ಅಲ್ಲಿ ಕಣಗಿಲೆ. ಅಕ್ಷರವೂ ಅದೇ, ಉಚ್ಚಾರವೂ ಅದೇ. ಗಿಡ ಮಾತ್ರ ಬೇರೆ. ಒಂದು ಪೂಜ್ಯವಾದ ನೆರಳಿನ ಮರ. ಮತ್ತೊಂದು ಬೇರಿನಿಂದ ಹೂವಿನವರೆಗೆ ವಿಷ ತುಂಬಿದ ಪೊದೆ. ಅಜ್ಜಿ ಅರಳಿಯ ಚಿಗುರನ್ನು ತಾರೆಂದಾಗ ಮೊಮ್ಮಗು ಪಕ್ಕದ ಮನೆಯ ಅರಳಿಯನ್ನು ಕಿತ್ತು ತಂದರೆ ಏನಾದೀತು? ಇದು ನಗೆಯ ಮಾತಲ್ಲ. ಈ ಸೀಮೆಯ ಕನ್ನಡ ಮನೆಗಳಲ್ಲಿ ಹಿರಿಯರು ಒಮ್ಮೆ ಕುಳಿತು ಮಕ್ಕಳಿಗೆ ಈ ಎರಡು ಅರಳಿಗಳನ್ನೂ ಕಣ್ಣಾರೆ ತೋರಿಸತಕ್ಕದ್ದು.

ಹಾಗೆಂದು ಕಣಗಿಲೆಯನ್ನು ನಾನು ನಿಂದಿಸುತ್ತಿಲ್ಲ. ಸೇಲಂ ಬಳಿಯ ಪನಮರತ್ತುಪಟ್ಟಿಯ ಕಡೆ ರೈತರು ಅದನ್ನು ಹೊಲದ ಬೆಳೆಯಾಗಿಯೇ ಬೆಳೆದು ಜೀವನ ಸಾಗಿಸುತ್ತಾರೆ. ಅಮ್ಮನ ಗುಡಿಗಳಲ್ಲಿ ಕೆಂಪು ಕಣಗಿಲೆಯ ಮಾಲೆಗೆ ಮಿಗಿಲಾದ ಮಾಲೆಯಿಲ್ಲ. ಆದರೆ ದೇವಿಯ ಕೊರಳಿಗೆ ಸಲ್ಲುವ ಹೂವು ನಮ್ಮ ಬಾಯಿಗೆ ಸಲ್ಲದು. ಕೇರಳದಲ್ಲಿ ಅರಳಿಯ ಎಲೆಯನ್ನು ಅರಿಯದೆ ಅಗಿದ ತರುಣಿಯೊಬ್ಬಳ ಮರಣದ ಸುದ್ದಿಯ ಬಳಿಕ, 2024ರ ಮೇ ತಿಂಗಳಿನಲ್ಲಿ ತಿರುವಾಂಕೂರು ದೇವಸ್ವಂ ಮಂಡಲಿಯು ನೈವೇದ್ಯ, ಪ್ರಸಾದಗಳಲ್ಲಿ ಈ ಹೂವನ್ನು ಬಳಸಕೂಡದೆಂದು ಗೊತ್ತುಮಾಡಿತು. ವಿವೇಕದ ಕೆಲಸವೆಂದೇ ನನ್ನ ಅಭಿಪ್ರಾಯ.

ತುತ್ತೂರಿ ಹೂಗಳು ಒಂದೇ ಮನೆತನದವಲ್ಲ. ಮನುಷ್ಯರನ್ನು ಕಂಡಾಗ ಮನೆತನವನ್ನು ವಿಚಾರಿಸುವುದು ತಪ್ಪು. ಗಿಡವನ್ನು ಕಂಡಾಗ ವಿಚಾರಿಸದಿರುವುದು ತಪ್ಪು. ನಮ್ಮ ತೋಟಗಳಿಗೆ ಬರುವ ತುತ್ತೂರಿಗಳು ಮುಖ್ಯವಾಗಿ ನಾಲ್ಕು ಕುಟುಂಬಗಳಿಗೆ ಸೇರಿದವು. ಒಂದು, ಪಾದರಿಯ ಕುಟುಂಬ. ಇವು ಮಕ್ಕಳ ಮಟ್ಟಿಗೆ ಸಾಧುಗಳು. ಎರಡು, ಬದನೆಯ ಕುಟುಂಬ. ಉಮ್ಮತ್ತಿ ಇದರ ಮಗಳು. ಮೂರು, ಕಣಗಿಲೆಯ ಕುಟುಂಬ. ನಾಲ್ಕು, ಗೆಣಸಿನ ಕುಟುಂಬ. ಗೆಣಸು, ಬದನೆ, ಟೊಮೆಟೊಗಳನ್ನು ದಿನವೂ ಉಣ್ಣುವ ನಾವು ಅವುಗಳ ದಾಯಾದಿಗಳಲ್ಲಿ ವಿಷವುಂಟೆಂದರೆ ನಂಬುವುದು ಕಷ್ಟ. ಆದರೂ ಅದು ನಿಜ.

ಗುರುತಿಸುವ ಉಪಾಯ ಕಠಿಣವಲ್ಲ. ಹಿರಿಯರು ಒಂದು ಎಲೆಯನ್ನು ಮುರಿದು ನೋಡಲಿ. ಬಿಳಿಯ ಹಾಲು ಒಸರಿದರೆ ಕಣಗಿಲೆಯ ಅಥವಾ ಗೆಣಸಿನ ಕಡೆಯದು. ಕೈ ತೊಳೆದುಕೊಂಡು, ಮಕ್ಕಳನ್ನು ದೂರವಿಡಬೇಕು. ಹಾಲಿಲ್ಲದಿದ್ದರೆ ಎಲೆಯ ರಚನೆಯನ್ನು ನೋಡಿರಿ. ನಾನು ಮುಂದೆ ಹೇಳಲಿರುವ ಪಾದರಿಯ ಬಂಧುಗಳಲ್ಲಿ ಎಲೆಗಳು ಕಾಂಡದ ಮೇಲೆ ಎದುರುಬದುರಾಗಿ ಜೋಡಿಯಾಗಿರುವುವು. ಒಂದೊಂದು ಎಲೆಯೂ ಗರಿಗಳಾಗಿಯೋ ಕೈಬೆರಳುಗಳಂತೆಯೋ ಒಡೆದಿರುವುದು. ಕಾಯಿ ಉದ್ದ, ಒಳಗೆ ಕಾಗದದಂತಹ ರೆಕ್ಕೆಯುಳ್ಳ ಬೀಜಗಳು. ಉಮ್ಮತ್ತಿಯ ಎಲೆಯಾದರೋ ಬದನೆಯಂತೆ ಅಗಲವಾದ ಒಂಟಿ ಎಲೆ. ಕಾಯಿ ದುಂಡಗೆ, ಮೈತುಂಬ ಮುಳ್ಳು.

ಎಲ್ಲಕ್ಕಿಂತ ಹೆಚ್ಚು ಮೋಸಹೋಗುವುದು ಎರಡು ಹಳದಿ ಹೂಗಳ ನಡುವೆ. ಟೆಕೋಮ ಎಂದು ನರ್ಸರಿಯವರು ಮಾರುವ ಹಳದಿ ಗಂಟೆಹೂವು ಒಂದು. ತಮಿಳಿನಲ್ಲಿ ಪೊನ್ನರಳಿ ಎನ್ನುವ ಹಳದಿ ಕಣಗಿಲೆ ಇನ್ನೊಂದು. ಎರಡೂ ಆಳೆತ್ತರಕ್ಕೆ ಮೀರಿ ಬೆಳೆಯುವುವು, ಎರಡೂ ಬರಗಾಲಕ್ಕೆ ಬಗ್ಗುವುದಿಲ್ಲ, ಎರಡೂ ಬೇಲಿಯ ಸಾಲಿನಲ್ಲಿ ಚಿನ್ನದ ಬಣ್ಣದ ತುತ್ತೂರಿಗಳನ್ನು ಬಿಡುವುವು. ಟೆಕೋಮದ ಎಲೆಗೆ ಐದೋ ಏಳೋ ಗರಿಗಳು, ಗರಿಯ ಅಂಚಿಗೆ ಗರಗಸದ ಹಲ್ಲು. ಕಾಯಿ ಹುರುಳಿಕಾಯಿಯಂತೆ ನೀಳವಾಗಿ ಗೊಂಚಲು ಗೊಂಚಲಾಗಿ ಜೋಲುವುದು. ಪೊನ್ನರಳಿಯ ಎಲೆ ಕಿರಿದು, ನೀಳ, ಹೊಳಪು, ಮುರಿದೊಡನೆ ಹಾಲು. ಅದರ ಕಾಯಿ ಮೂಲೆಗಳುಳ್ಳ ಹಸುರು ಕಾಯಿ. ಒಳಗೆ ಗಟ್ಟಿಯಾದ ಓಟೆ, ಆಟಕ್ಕೆ ಹೇಳಿ ಮಾಡಿಸಿದಂತಹುದು. ಮಕ್ಕಳು ಅದನ್ನು ಆರಿಸುತ್ತಾರೆ, ಕಲ್ಲಿನಿಂದ ಜಜ್ಜುತ್ತಾರೆ, ಸುಮ್ಮನೆ ನಾಲಿಗೆಗೂ ತಾಗಿಸುತ್ತಾರೆ. ಅದರೊಳಗಿನ ಬೀಜ ಹೃದಯದ ಬಡಿತವನ್ನೇ ಕೆಡಿಸುವ ಘೋರ ವಿಷ. ಆಡುಕುರಿಗಳು ಮುಟ್ಟುವುದಿಲ್ಲವೆಂಬ ಒಂದೇ ಗುಣಕ್ಕಾಗಿ ಅದನ್ನು ಬೇಲಿಗೆ ಹಾಕುತ್ತಾರೆ. ಮೂಕಪ್ರಾಣಿ ಮುಟ್ಟದುದನ್ನು ಚಿಕ್ಕ ಮಕ್ಕಳು ಆಡುವ ಅಂಗಳದಲ್ಲಿ ಏಕೆ ಬೆಳೆಸಬೇಕು? ಹಾಗೆ ಬೆಳೆದಿದ್ದರೆ ಅದನ್ನು ಬೇರುಸಹಿತ ಕಿತ್ತು, ಅದೇ ಗುಂಡಿಯಲ್ಲಿ ಟೆಕೋಮವನ್ನು ನೆಡಿರಿ. ಬಣ್ಣ ಒಂದಿನಿತೂ ಕಡಿಮೆಯಾಗದು. ಕಿತ್ತ ಕೊಂಬೆಗಳನ್ನು ಒಲೆಗೆ ಹಾಕಬಾರದು; ಅದರ ಹೊಗೆಯೂ ಒಳ್ಳೆಯದಲ್ಲ. ಅಲಮಂಡ ಎಂಬ ದೊಡ್ಡ ಹಳದಿ ಹೂವಿನ ಬಳ್ಳಿಯೂ ಕಣಗಿಲೆಯ ಮನೆಯದೇ. ಇಷ್ಟು ಉಗ್ರವಲ್ಲವಾದರೂ ಹಾಲು ತಾಗಿದರೆ ಚರ್ಮ ಕೆರಳುವುದು, ನುಂಗಿದರೆ ಹೊಟ್ಟೆ ಕೆಡುವುದು.

ಟೆಕೋಮವನ್ನು ಬೆಳೆಸುವ ಕ್ರಮವನ್ನು ತುಸು ವಿವರವಾಗಿ ಹೇಳುತ್ತೇನೆ. ಮನೆಗೆ ಹೋಗಿ ಕೂಡಲೇ ಮಾಡಬಹುದಾದ ಕೆಲಸ. ಕಾಯಿ ಕಂದುಬಣ್ಣಕ್ಕೆ ತಿರುಗಿ ಬಿರಿಯುವ ಮುನ್ನ ಕಿತ್ತು, ಕಾಗದದ ಪೊಟ್ಟಣದಲ್ಲಿ ಒಣಗಿಸಿ ಬೀಜವನ್ನು ತೆಗೆಯಬೇಕು. ಹಳೆಯ ಕುಂಡವೊಂದರಲ್ಲಿ ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಗಳನ್ನು ಸಮಪಾಲಿನಲ್ಲಿ ಬೆರಸಿ, ಬೀಜವನ್ನು ಮೇಲೆ ಹರಡಿ, ಉಗುರಿನ ದಪ್ಪದಷ್ಟು ಮಣ್ಣನ್ನು ಮುಚ್ಚಿದರೆ ಸಾಕು. ಆಳವಾಗಿ ಹೂತ ಬೀಜ ಏಳುವುದಿಲ್ಲ. ಕೈಯಿಂದ ಚಿಮುಕಿಸುತ್ತ ತೇವವನ್ನು ಕಾಪಾಡಿದರೆ ಎರಡು ಮೂರು ವಾರಗಳಲ್ಲಿ ಮೊಳಕೆ ಕಾಣುವುದು. ಸಸಿ ಗೇಣುದ್ದವಾದಾಗ ನೆಲಕ್ಕೆ ಇಳಿಸಬಹುದು. ಆಡಿಯ ಹದವನ್ನು ಹುಡುಕಿ ಬಿತ್ತಬೇಕೆಂದು ಈ ಕಡೆಯ ತಮಿಳು ಗಾದೆ ಹೇಳುತ್ತದೆ. ಹೂವಿನ ಸಸಿಗೂ ಅದು ಸಲ್ಲುವ ಮಾತು. ಆಡಿ ಕಳೆದು ಮಳೆ ಹಿಡಿಯುವ ಕಾಲದಲ್ಲಿ ನೆಟ್ಟ ಸಸಿಯ ಬೇರು, ಮಳೆಗಾಲ ಮುಗಿಯುವಷ್ಟರಲ್ಲಿ ಕೆಳಗಣ ತೇವವನ್ನು ಮುಟ್ಟಿರುತ್ತದೆ. ಚಿತ್ತಿರೈ ತಿಂಗಳ ಬಿಸಿಲಿನಲ್ಲಿ ನೆಟ್ಟವನು ಆರು ತಿಂಗಳು ಕೊಡ ಹೊರಬೇಕು.

ಗುಂಡಿ ಒಂದೂವರೆ ಅಡಿ ಆಳ, ಅಷ್ಟೇ ಅಗಲ. ತೋಡಿದ ಮಣ್ಣಿಗೆ ಒಂದು ಬುಟ್ಟಿ ಗೊಬ್ಬರವನ್ನೂ, ಗೆದ್ದಲಿರುವಲ್ಲಿ ಎರಡು ಹಿಡಿ ಬೇವಿನ ಹಿಂಡಿಯನ್ನೂ ಸೇರಿಸಿ ತುಂಬಬೇಕು. ಬೇಲಿಯಾಗಿ ಬೇಕಾದರೆ ಗಿಡದಿಂದ ಗಿಡಕ್ಕೆ ನಾಲ್ಕು ಅಡಿ. ಒಂಟಿಯಾಗಿ ಹರಡಲು ಬಿಡುವುದಾದರೆ ಎಂಟು ಅಡಿ ಬಿಡಿರಿ. ಮೊದಲ ವರುಷ ಮೂರು ನಾಲ್ಕು ದಿನಕ್ಕೊಮ್ಮೆ ನೀರು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಇದಕ್ಕೆ ಧಾರಾಳವಾಗಿ ಸಲ್ಲುವುದು. ಸೋಪಿನ ನೀರನ್ನು ಮಾತ್ರ ದಿನವೂ ಒಂದೇ ಬುಡಕ್ಕೆ ಸುರಿಯಬಾರದು. ಬುಡದ ಸುತ್ತ ಒಣಗಿದ ಎಲೆಯನ್ನೋ ಕಡಲೆಕಾಯಿ ಸಿಪ್ಪೆಯನ್ನೋ ಹರಡಿದರೆ ಅರ್ಧ ನೀರು ಉಳಿಯುತ್ತದೆ. ಎರಡನೆಯ ವರುಷದಿಂದ ಗಿಡ ನಿಮ್ಮನ್ನು ಹೆಚ್ಚು ಕೇಳುವುದಿಲ್ಲ. ಗೊಬ್ಬರವನ್ನು ಪ್ರೀತಿಯಿಂದ ಮತ್ತೆ ಮತ್ತೆ ಹಾಕುವವರುಂಟು. ಅಂತಹ ಗಿಡದಲ್ಲಿ ಎಲೆ ದಟ್ಟ, ಹೂವು ವಿರಳ.

ಸವರುವುದನ್ನು ಹೆಚ್ಚಿನವರು ಅಳುಕಿನಿಂದ ಬಿಟ್ಟುಬಿಡುತ್ತಾರೆ. ಟೆಕೋಮ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಆದುದರಿಂದ ಒಂದು ಸುತ್ತು ಹೂ ಮುಗಿದೊಡನೆ ಕೊಂಬೆಗಳನ್ನು ಮೂರನೆಯ ಒಂದು ಪಾಲಿನಷ್ಟು ಕತ್ತರಿಸಿದರೆ ಒಂದೊಂದು ಕೊಂಬೆಗೂ ಹಲವು ಚಿಗುರು, ಒಂದೊಂದು ಚಿಗುರಿಗೂ ಒಂದು ಗೊಂಚಲು. ಇದರಿಂದ ಮತ್ತೊಂದು ಲಾಭವೂ ಉಂಟು. ಅಮೆರಿಕದಿಂದ ಬಂದ ಈ ಗಿಡ ರೆಕ್ಕೆಯ ಬೀಜದಿಂದ ಬೇಗ ಹರಡತಕ್ಕದ್ದು. ದಕ್ಷಿಣ ಆಫ್ರಿಕದಲ್ಲೂ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲೂ ತೋಟದ ಬೇಲಿಯನ್ನು ದಾಟಿ ಕಳೆಯಾಗಿ, ಸರಕಾರಗಳೇ ಅದನ್ನು ತಡೆಯಬೇಕಾಗಿ ಬಂದಿದೆ. ಕಾಯಿ ಬಲಿಯುವ ಮುನ್ನ ಸವರಿದವನ ಗಿಡ ಅಂಗಳದಲ್ಲೇ ಉಳಿಯುತ್ತದೆ.

ಬಳ್ಳಿಗಳಲ್ಲಿ ಎರಡನ್ನು ಹೇಳಿ ಮುಂದೆ ಹೋಗುತ್ತೇನೆ. ಮೊದಲನೆಯದು ಕಿತ್ತಳೆ ತುತ್ತೂರಿಯ ಬಳ್ಳಿ. ಬ್ರೆಜಿಲ್ ಕಡೆಯದು, ಚಳಿಗಾಲದ ಕೊನೆಯಲ್ಲಿ ಎಲೆ ಕಾಣದಂತೆ ಹೂ ಮುಚ್ಚುವುದು, ಆದರೆ ಹೆಂಚಿನ ಮಾಡಿಗೆ ಹತ್ತಿಸಿದರೆ ಹೆಂಚನ್ನು ಸರಿಸಿಬಿಡುವಷ್ಟು ಬಲಶಾಲಿ. ಎರಡನೆಯದು ಬೆಳ್ಳುಳ್ಳಿ ಬಳ್ಳಿ. ಎಲೆಯನ್ನು ಹಿಸುಕಿದರೆ ಒಗ್ಗರಣೆಯ ವಾಸನೆ. ಹೂವು ಮಾತ್ರ ನೇರಳೆಯ ತುತ್ತೂರಿ, ದಿನಕಳೆದಂತೆ ಬಣ್ಣ ತೆಳುವಾಗುತ್ತ ಹೋಗಿ ಒಂದೇ ಗೊಂಚಲಿನಲ್ಲಿ ಎರಡು ಮೂರು ಛಾಯೆಗಳು ಕಾಣುವುವು. ಚಿಕ್ಕ ಮನೆಗೆ, ಚಿಕ್ಕ ಚಪ್ಪರಕ್ಕೆ ಇದಕ್ಕಿಂತ ಒಳ್ಳೆಯ ಬಳ್ಳಿಯನ್ನು ನಾನು ಕಾಣೆ.

ಮರಗಳ ವಿಷಯಕ್ಕೆ ಬಂದರೆ ಬೆಂಗಳೂರನ್ನು ನೆನೆಯದಿರಲಾಗದು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್ಲರು, ಒಂದು ಬೀದಿಯ ಮರಗಳ ಹೂವು ಮುಗಿಯುವಾಗ ಮತ್ತೊಂದು ಬೀದಿಯವು ಅರಳುವಂತೆ ನಗರಕ್ಕೆ ಮರಗಳನ್ನು ಆರಿಸಿದರು. ಅವರ ದಾರಿಯನ್ನು ಡಾಕ್ಟರ್ ಎಂ. ಎಚ್. ಮರಿಗೌಡರು ಮುಂದುವರಿಸಿದರು, 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಲಕ್ಷಾಂತರ ಸಸಿಗಳನ್ನು ಬೀದಿಗಳಲ್ಲಿ ನೆಡಿಸಿದರು. ಇಂದು ವರುಷದ ಮೊದಲ ತಿಂಗಳುಗಳಲ್ಲಿ ಆ ನಗರವನ್ನು ಗುಲಾಬಿ ಬಣ್ಣಕ್ಕೆ ತಿರುಗಿಸುವ ಟಬೂಬಿಯಾ ಮರ ಪಾದರಿಯ ಕುಟುಂಬದ್ದೇ. ಅದರ ಹಳದಿ ಹೂವಿನ ಸೋದರಿ, ಬೂದಿಬಣ್ಣದ ತೊಗಟೆಯ ಚಿಕ್ಕ ಮರ, ನಮ್ಮ ಬಿಸಿಲನ್ನು ಇನ್ನೂ ಚೆನ್ನಾಗಿ ತಾಳುವುದು. ಎಲೆಯುದುರಿಸಿ ನಿಂತು, ಬರಿಯ ಕೊಂಬೆಗಳ ಮೇಲೆ ಹೂವನ್ನು ಹೊರುವುದು. ಬೇರು ಆಳಕ್ಕಿಳಿಯದ ಕಾರಣ ಗಾಳಿಗೆ ಓರೆಯಾಗುವುದುಂಟು. ಊರುಗೋಲು ಕೊಟ್ಟು ಬೆಳೆಸಬೇಕು.

ಆಕಾಶಮಲ್ಲಿಗೆ ಬರ್ಮ ದೇಶದ ಕಡೆಯದು. ರಾತ್ರಿ ಅರಳಿ, ಬೆಳಗಾಗುವಾಗ ನೆಲದ ತುಂಬ ಉದುರಿರುವ ನೀಳ ಕೊಳವೆಯ ಬಿಳಿಯ ಹೂವುಗಳನ್ನು ಮಕ್ಕಳು ಸೂಜಿಯಿಲ್ಲದೆ ಒಂದರ ಕೊಳವೆಯನ್ನು ಇನ್ನೊಂದಕ್ಕೆ ಹೆಣೆದು ಜಡೆ ಮಾಡುವುದನ್ನು ನೀವು ನೋಡಿರಬಹುದು. ನಮ್ಮ ನಾಡಿನಲ್ಲಿ ಅದು ಬೀಜ ಕಟ್ಟುವುದು ಅಪರೂಪ. ಬೇರಿನಿಂದೇಳುವ ಕಂದುಗಳನ್ನೇ ಕಿತ್ತು ನೆಡಬೇಕು. ಮರ ಪೆಡಸು, ಗಾಳಿಗೆ ಮುರಿಯುವುದು. ಮನೆಯ ಗೋಡೆಗೆ ಮೂವತ್ತು ಅಡಿಯಾದರೂ ದೂರವಿರಲಿ.

ಈ ಕುಟುಂಬದ ಹಿರಿಯಳಾದ ಪಾದರಿ ಮಾತ್ರ ಹೊರಗಿನಿಂದ ಬಂದವಳಲ್ಲ, ಇಲ್ಲಿಯವಳೇ. ಸಂಸ್ಕೃತದ ಪಾಟಲ ಅಥವಾ ಪಾಟಲಿ ಇದೇ. ಪಾಟಲೀಪುತ್ರದ ಹೆಸರಿನ ಕಥೆ ಈ ಮರದೊಡನೆ ಹೆಣೆದುಕೊಂಡಿದೆ; ಕಡಲೂರಿನ ತಿರುಪ್ಪಾದಿರಿಪುಲಿಯೂರಿನ ಹೆಸರಿನಲ್ಲಿಯೂ ಅದೇ ಪಾದಿರಿ ಇದೆ. ವೈದ್ಯರ ದಶಮೂಲದಲ್ಲಿ ಪಾಟಲದ ಬೇರು ಒಂದು. ಅದೇ ಹತ್ತರಲ್ಲಿ ಸೇರಿರುವ ಶ್ಯೋನಾಕವೂ ಇದೇ ಮನೆತನದ ತುತ್ತೂರಿ ಹೂವಿನ ಮರ. ಹೊರನಾಡಿನ ಅಂದಗಾತಿಯರಿಗೆ ಬೀದಿ ಬೀದಿಯಲ್ಲಿ ಸ್ಥಳ ಕೊಟ್ಟ ನಾವು ಪಾದರಿಗೆ ಒಂದು ಗುಂಡಿ ತೋಡಲು ಮರೆತಿದ್ದೇವೆ. ಶಾಲೆಯ ಆವರಣದಲ್ಲಿ ಒಂದೇ ಮರವನ್ನು ನೆಡುವುದಾದರೆ ನನ್ನ ಮತ ಪಾದರಿಗೆ.

ಸಾಧುಗಳ ಈ ಮನೆಯಲ್ಲೂ ಒಂದು ಅಪವಾದವುಂಟು. ಆಫ್ರಿಕದ ನೀರುಕಾಯಿ ಮರವನ್ನು ನೀವು ಬಲ್ಲಿರಿ. ಮೊಗ್ಗನ್ನು ಅದುಮಿ ಒಬ್ಬರ ಮುಖಕ್ಕೊಬ್ಬರು ನೀರು ಚಿಮ್ಮಿಸುವ ಆಟ ಯಾವ ಹುಡುಗನಿಗೆ ತಿಳಿಯದು? ಮಕ್ಕಳಿಗೆ ಅದು ಕೇಡು ಮಾಡದು. ಆದರೆ ಅದರ ಕೆಂಪು ಹೂವಿನಲ್ಲಿ ಜೇನುಹುಳುಗಳು ಸತ್ತು ಬಿದ್ದಿರುವುದನ್ನು, ವಿಶೇಷವಾಗಿ ಕೊಂಡಿಯಿಲ್ಲದ ಜೇನನ್ನು, ಬ್ರೆಜಿಲಿನವರು ಕಂಡುಹಿಡಿದರು. ಅಲ್ಲಿಯ ಸಾಂತಾ ಕಟರೀನಾ ರಾಜ್ಯ 2019ರಲ್ಲಿ ಆ ಮರವನ್ನು ನೆಡುವುದನ್ನೇ ನಿಷೇಧಿಸಿತು. ಇರುವ ಮರವನ್ನು ಕಡಿಯಬೇಕೆಂದು ನಾನು ಹೇಳೆನು. ಹೊಸದಾಗಿ ನೆಡುವ ಆತುರ ಬೇಡ.

ಇನ್ನು ಉಮ್ಮತ್ತಿ. ಶಿವನಿಗೆ ಪ್ರಿಯವೆಂದು ಏರಿಸುವ ಈ ಹೂವಿನ ಸಂಸ್ಕೃತದ ಹೆಸರಾದ ಧತ್ತೂರವನ್ನೇ ತೆಗೆದುಕೊಂಡು 1753ರಲ್ಲಿ ಲಿನೇಯಸ್ ಪಂಡಿತನು ಇಡೀ ಜಾತಿಗೆ ದತೂರ ಎಂದು ಶಾಸ್ತ್ರೀಯ ನಾಮಕರಣ ಮಾಡಿದನು. ವಿಚಿತ್ರವೆಂದರೆ, ಈ ಗಿಡಗಳ ಹುಟ್ಟುನೆಲ ಅಮೆರಿಕವೆಂದು ಸಸ್ಯಶಾಸ್ತ್ರ ಹೇಳುತ್ತದೆ; ನಮ್ಮ ಹಳೆಯ ಗ್ರಂಥಗಳಾದರೋ ಕೊಲಂಬಸನು ಹುಟ್ಟುವ ಎಷ್ಟೋ ಶತಮಾನಗಳ ಮೊದಲೇ ಇದನ್ನು ಬಲ್ಲವು. ಈ ಒಗಟನ್ನು ಆರ್. ಗೀತಾ ಮತ್ತು ವಲೀದ್ ಘರೈಬೆ ಎಂಬ ವಿದ್ವಾಂಸರು 2007ರಲ್ಲಿ ಚರ್ಚಿಸಿ, ಯಾವುದೋ ದಾರಿಯಿಂದ ಅದು ಬಹು ಹಿಂದೆಯೇ ಇತ್ತ ಬಂದಿರಬೇಕೆಂದು ವಾದಿಸಿದ್ದಾರೆ. ಮಕ್ಕಳಲ್ಲಿ ಯಾರಾದರೂ ದೊಡ್ಡವರಾಗಿ ಆ ದಾರಿಯನ್ನು ಕಂಡುಹಿಡಿಯಲಿ.

ಉಮ್ಮತ್ತಿಯ ತುತ್ತೂರಿ ಮೇಲ್ಮುಖ. ಅದರ ದಾಯಾದಿಯೊಂದು ಗೇಣುದ್ದಕ್ಕೂ ಮೀರಿದ ತುತ್ತೂರಿಗಳನ್ನು ಕೆಳಮುಖವಾಗಿ ನೂರಾರು ತೂಗುಬಿಡುವುದು. ಆಂಗ್ಲರು ಅದಕ್ಕೆ ದೇವದೂತರ ಕಹಳೆ ಎಂದು ಹೆಸರಿಟ್ಟರು. ಏರ್ಕಾಡು, ಊಟಿ, ಕೊಡೈಕಾನಲ್, ಮಡಿಕೇರಿಗಳಂತಹ ತಂಪಾದ ಬೆಟ್ಟದೂರುಗಳಿಗೆ ಒಗ್ಗುವ ಗಿಡ. ದಕ್ಷಿಣ ಅಮೆರಿಕದ ತನ್ನ ಕಾಡುಗಳಲ್ಲಿ ಅದು ಇಂದು ಉಳಿದ ಗುರುತಿಲ್ಲ. ಅದರ ಎಲ್ಲ ಜಾತಿಗಳನ್ನೂ ಕಾಡಿನಲ್ಲಿ ಅಳಿದುಹೋದವುಗಳ ಪಟ್ಟಿಗೆ ಸೇರಿಸಿದ್ದಾರೆ. ಮನುಷ್ಯನು ಕಡ್ಡಿ ಮುರಿದು ನೆಡುತ್ತಿರುವುದರಿಂದ ಮಾತ್ರ ಅದು ಭೂಮಿಯ ಮೇಲಿದೆ. ಸಂಜೆಯ ಹೊತ್ತು ಅದರ ಪರಿಮಳವನ್ನು ಸವಿದವರಿಗೆ ಒಂದು ಕಡ್ಡಿಯನ್ನು ಮನೆಗೆ ತರುವ ಆಸೆಯಾಗುವುದು ಸಹಜ. ಏರ್ಕಾಡು ಸುಮಾರು 1500 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ತಂಪಿಗೆ ಹಿಗ್ಗುವ ಗಿಡಕ್ಕೆ ಇಲ್ಲಿ ದಿನಕ್ಕೆ ಎರಡು ಕೊಡ ನೀರೆರೆದರೂ ಬೇಸಗೆಯಲ್ಲಿ ಎಲೆ ಬಾಡಿ ನಿಲ್ಲುವುದು. ಅದಕ್ಕಿಂತ ದೊಡ್ಡ ಆತಂಕವೆಂದರೆ, ಉಮ್ಮತ್ತಿಯ ವಿಷವೇ ಇದರ ಎಲೆ, ಹೂ, ಬೀಜಗಳಲ್ಲೆಲ್ಲ ತುಂಬಿದೆ. ಬಾಯಿ ಒಣಗುವುದು, ಕಣ್ಣಿನ ಪಾಪೆ ಹಿಗ್ಗಿ ದೃಷ್ಟಿ ಮಸುಕಾಗುವುದು, ಮೈ ಕಾಯುವುದು, ಎದುರಿಗೆ ನಿಂತ ತಾಯಿಯ ಗುರುತೂ ಸಿಗದೆ ಏನೇನೋ ಬಡಬಡಿಸುವುದು ಇದರ ಲಕ್ಷಣಗಳು. ಬೆಟ್ಟದ ಮೇಲೆ ಕಣ್ಣಿನಿಂದ ನೋಡಿ ಬರೋಣ, ಮನೆಗೆ ಬೇಡ.

ಇದೇ ವಿಷದ ಒಂದಂಶವಾದ ಅಟ್ರೋಪೀನ್ ವೈದ್ಯರ ಕೈಯಲ್ಲಿ ಅಮೃತವಾಗುವುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಕಣ್ಣಿನ ಪರೀಕ್ಷೆಯಲ್ಲಿ ಪಾಪೆಯನ್ನು ಹಿಗ್ಗಿಸಲು ಬಳಕೆಗೆ ಬಂದದ್ದು ಅದೇ. ಹೊಲದಲ್ಲಿ ಕೀಟನಾಶಕವನ್ನು ಸಿಂಪಡಿಸುತ್ತ ವಿಷವೇರಿ ಬಿದ್ದ ರೈತನಿಗೆ ಆಸ್ಪತ್ರೆಯಲ್ಲಿ ಮೊದಲು ಚುಚ್ಚುವುದೂ ಎಷ್ಟೋ ವೇಳೆ ಅದನ್ನೇ. ಎಷ್ಟು, ಯಾವಾಗ ಎಂಬುದನ್ನು ಬಲ್ಲವರ ಕೈಯಲ್ಲಿ ಮಾತ್ರ ಅದು ಔಷಧ.

ತಾಯಂದಿರು ಇದನ್ನು ಮನಸ್ಸಿನಲ್ಲಿಡಬೇಕು. ಮಗು ಇಂತಹ ಯಾವುದನ್ನಾದರೂ ತಿಂದಿತೆಂಬ ಸಂಶಯ ಬಂದರೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಹುಣಸೆಹಣ್ಣು ಕಿವುಚಿ ಕೊಡುವುದು, ಮಲಗಿದರೆ ಸರಿಹೋಗುವುದೆಂದು ಕಾಯುವುದು, ಇವು ಯಾವುವೂ ಬೇಡ. ಬಾಯಲ್ಲಿ ಉಳಿದಿರುವುದನ್ನು ಬೆರಳಿನಿಂದ ತೆಗೆದು, 108ಕ್ಕೆ ಕರೆಮಾಡಿ, ಆ ಗಿಡದ ಎಲೆ ಕಾಯಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಕೂಡಲೇ ಆಸ್ಪತ್ರೆಗೆ ಹೊರಡಿರಿ. ಯಾವ ಗಿಡವೆಂದು ತಿಳಿದರೆ ವೈದ್ಯರ ಅರ್ಧ ಗಳಿಗೆ ಉಳಿಯುತ್ತದೆ. ಆ ಅರ್ಧ ಗಳಿಗೆಯೇ ಜೀವವಾಗಬಹುದು. ಮಕ್ಕಳೇ, ನಿಮಗೂ ಒಂದು ಮಾತು. ತಿಂದಿದ್ದನ್ನು ಬೈಗುಳದ ಭಯಕ್ಕೆ ಬಚ್ಚಿಡಬೇಡಿರಿ. ಈ ಒಂದು ವಿಷಯದಲ್ಲಿ ನಿಮ್ಮನ್ನು ಯಾರೂ ಗದರುವುದಿಲ್ಲವೆಂದು ನಿಮ್ಮ ತಂದೆತಾಯಿಗಳ ಪರವಾಗಿ ನಾನೇ ಮಾತು ಕೊಡುತ್ತೇನೆ. ಅವರೂ ಇಲ್ಲೇ ಕುಳಿತು ಕೇಳುತ್ತಿದ್ದಾರೆ.

ಕಡೆಯದಾಗಿ ಗೆಣಸಿನ ಕುಟುಂಬ. ನೀಲಿಯ ತುತ್ತೂರಿಗಳನ್ನು ಮುಂಜಾನೆ ಅರಳಿಸಿ ಮಧ್ಯಾಹ್ನದೊಳಗೆ ಮುಚ್ಚುವ ಬಳ್ಳಿಗಳು ಇದರಲ್ಲಿವೆ. ಬೀಜವನ್ನು ಬಾಯಿಗೆ ಹಾಕದಿದ್ದರೆ ಸಾಕು. ನಾನು ಎಚ್ಚರಿಸಬೇಕಾದುದು ಇವುಗಳ ಅಣ್ಣನ ವಿಷಯದಲ್ಲಿ. ತಿಳಿನೇರಳೆಯ ತುತ್ತೂರಿಗಳನ್ನು ಬಿಟ್ಟು, ಕೆರೆಯ ಅಂಗಳದಲ್ಲಿ, ಕಾಲುವೆಯ ಬದಿಯಲ್ಲಿ ಎದೆಯೆತ್ತರ ದಟ್ಟವಾಗಿ ಬೆಳೆಯುವ ಪೊದೆಯನ್ನು ನೀವೆಲ್ಲ ಕಂಡಿದ್ದೀರಿ. ತಮಿಳರು ನೆಯ್ವೇಲಿ ಕಾಟ್ಟಾಮಣಕ್ಕು ಎನ್ನುತ್ತಾರೆ. ಉತ್ತರ ದೇಶದಲ್ಲಿ ಅದಕ್ಕೆ ಬೇಶರಮ್ ಎಂದು ಹೆಸರು. ಕಡಿದೆಸೆದಲ್ಲೇ ಬೇರೂರುವ ನಾಚಿಕೆಯಿಲ್ಲದ ಗಿಡವೆಂದು ಅರ್ಥ. ಅದೂ ಅಮೆರಿಕದಿಂದ ಬಂದದ್ದು, ಅಲಂಕಾರಕ್ಕೂ ಬೇಲಿಗೂ ಚೆನ್ನೆಂದು ಜನರೇ ನೆಟ್ಟು ಹರಡಿದ್ದು. ಇಂದು ಕೆರೆಗಳ ಹೂಳನ್ನು ಹಿಡಿದು, ನೀರಿನ ಜಾಗವನ್ನು ನುಂಗುತ್ತಿದೆ.

ಅದರ ಎಲೆ ಕುರಿಗೆ, ಆಡಿಗೆ ನಿಧಾನವಿಷ. ಹುಲ್ಲಿರುವಾಗ ಅವು ಅದನ್ನು ಮೂಸುವುದಿಲ್ಲ. ಬೇಸಗೆಯಲ್ಲಿ ಎಲ್ಲ ಒಣಗಿ ಅದೊಂದೇ ಹಸುರಾಗಿ ನಿಂತಾಗ ಹಸಿವಿಗೆ ತಿನ್ನಲಾರಂಭಿಸಿ, ಕೆಲವು ವಾರಗಳಾದಮೇಲೆ ಅದನ್ನೇ ಹುಡುಕಿಕೊಂಡು ಹೋಗುವುವು. ಆಮೇಲೆ ಮೈ ಬಡವಾಗುವುದು, ತಲೆ ನಡುಗುವುದು, ಹೆಜ್ಜೆ ತಪ್ಪಿ ತೂರಾಡುವುದು. ಮೇಚೇರಿಯ ಹೆಸರನ್ನು ದೇಶಕ್ಕೆಲ್ಲ ಪರಿಚಯ ಮಾಡಿಸಿದ್ದು ಯಾವುದು? ಭದ್ರಕಾಳಿಯಮ್ಮನ ಗುಡಿಯನ್ನು ಬಿಟ್ಟರೆ ಇಲ್ಲಿಯ ಕುರಿ. ಉಣ್ಣೆಯಿಲ್ಲದ ನುಣುಪು ಮೈಯ, ಕಂದುಬಣ್ಣದ, ಚರ್ಮಕ್ಕೆ ಹೆಸರಾದ ಮೇಚೇರಿ ತಳಿ. ಅದರ ಸಲುವಾಗಿಯೇ ಪೊಟ್ಟನೇರಿಯಲ್ಲಿ ಸಂಶೋಧನಾ ಕೇಂದ್ರವೊಂದು ನಡೆಯುತ್ತಿದೆ. ನಮ್ಮ ಅನೇಕ ಮನೆಗಳಲ್ಲಿ ಮಕ್ಕಳ ಪುಸ್ತಕದ ಹಣ ಬರುವುದು ಎರಡು ಕುರಿಮರಿಗಳ ಮಾರಾಟದಿಂದ. ಹೂವು ಚೆಂದವೆಂದು ಈ ಪೊದೆಯ ಕೊಂಬೆಯನ್ನು ಬೇಲಿಗೆ ಸಿಕ್ಕಿಸುವವರು ಆ ಕುರಿಮರಿಗಳನ್ನೂ ನೆನೆಯಬೇಕು. ಕೀಳುವವರು ಕೊಂಬೆಯ ತುಂಡುಗಳನ್ನು ನೀರಿಗೆ ಎಸೆಯದೆ, ಕಲ್ಲಿನ ಮೇಲೆ ಹರಡಿ, ಮುಟ್ಟಿದರೆ ಪಟಪಟನೆ ಮುರಿಯುವಷ್ಟು ಒಣಗಿಸಲಿ. ಕುರಿಗಳು ಆ ಕಡೆ ಬಾರದಂತೆ ನೋಡಿಕೊಳ್ಳಲಿ.

ವೇಳೆ ಮೀರುತ್ತಿದೆ, ಅಧ್ಯಕ್ಷರು ಗಡಿಯಾರವನ್ನು ನೋಡಿದ್ದನ್ನು ನಾನೂ ನೋಡಿದೆ. ಹೊರಗೆ ಜಗುಲಿಯ ಮೇಲೆ ಒಂದು ಪೊಟ್ಟಣ ಟೆಕೋಮದ ಬೀಜವನ್ನೂ, ಒದ್ದೆ ಗೋಣಿಯಲ್ಲಿ ಸುತ್ತಿದ ಬೆಳ್ಳುಳ್ಳಿ ಬಳ್ಳಿಯ ಹನ್ನೆರಡು ಕಡ್ಡಿಗಳನ್ನೂ ಇಟ್ಟಿದ್ದೇನೆ. ಕಡ್ಡಿಗಳನ್ನು ಈ ಸಂಜೆಯೇ ನೆಡಬೇಕು. ಎರಡು ಗಿಣ್ಣು ಮಣ್ಣಿನೊಳಗೆ, ಎರಡು ಗಿಣ್ಣು ಮೇಲೆ; ಬುಡಮೇಲಾಗದಂತೆ ನೋಡಿಕೊಳ್ಳಿರಿ, ಓರೆಯಾಗಿ ಕತ್ತರಿಸಿದ ತುದಿ ಕೆಳಕ್ಕೆ. ಬೇರು ಬಿಡುವವರೆಗೆ ನೆರಳಿನಲ್ಲಿರಲಿ. ಹೊಸ ಚಿಗುರು ಕಂಡೊಡನೆ ಬೇರು ಬಂತೆಂದು ಕಿತ್ತು ನೋಡುವ ಹುಡುಗರು ಪ್ರತಿಯೊಂದು ತರಗತಿಯಲ್ಲೂ ಇಬ್ಬರು ಇದ್ದೇ ಇರುತ್ತಾರೆ. ಅವರ ಕೈಗೆ ಕಡ್ಡಿಯನ್ನು ಕೊಡದೆ, ನೀರೆರೆಯುವ ತಂಬಿಗೆಯನ್ನು ಕೊಡಬೇಕೆಂದು ಉಪಾಧ್ಯಾಯರಲ್ಲಿ ನನ್ನ ಬಿನ್ನಹ.